ಇಪ್ಪತ್ತೊಂದನೇ ಆಳು

ಡಿಸೆಂಬರಿನಲ್ಲಿ ಬಣಕಲ್ ಕಡೆ ಇಬ್ಬರು ಎದುರಾದರೆ ನಮಸ್ಕಾರದ ಜಾಗದಲ್ಲಿ ಬರುವ ಮಾತು ‘ಆಳಿಲ್ಲ ಮಾರಾಯ್ರೆ’. ಆಳಿಲ್ಲದವರು ಹೇಳಿದರೆ ಸರಿ, ಇದ್ದವರೂ ಹೇಳುತ್ತಾರೆ. ಇದೆ ಅಂದುಬಿಟ್ಟರೆ ಮಾರನೇ ಬೆಳಿಗ್ಗೆ ಇನ್ಯಾರದೋ ಪಿಕಪ್ಪು ಆಳುಗಳು ಇರುವ ಲೈನಿನ ಮುಂದೆ ಬಂದು ನಿಂತಿರುತ್ತದೆ. ಮೊದಲೆಲ್ಲ ಘಟ್ಟದ ಕೆಳಗಿನಿಂದ, ತಮಿಳುನಾಡಿನಿಂದ ಬರುತ್ತಿದ್ದರು. ಈಗ ಅಸ್ಸಾಮಿನಿಂದ ಬರುತ್ತಾರೆ. ಬರುವ ದಿಕ್ಕು ಬದಲಾಗಿದೆ, ನಮ್ಮ ಪಲ್ಲವಿ ಬದಲಾಗಿಲ್ಲ. ಮೂಡಿಗೆರೆಯಿಂದ ಕೊಟ್ಟಿಗೆಹಾರದವರೆಗೆ ಯಾವ ಹೋಟೆಲಿಗೆ ಹೊಕ್ಕರೂ ನೀರುದೋಸೆಗಿಂತ ಮೊದಲು ಟೇಬಲ್ಲಿಗೆ ಬರುವುದು ಇದೇ ಮಾತು.

ಬೇಲಿಯಾಚೆಯ ಗೌಡರು ಮಾತ್ರ ಈ ತಿಂಗಳಲ್ಲಿ ಈ ಮಾತಾಡುವುದಿಲ್ಲ. ಅವರದು ಹೆಚ್ಚು ಕಮ್ಮಿ ಪೂರ್ತಿ ರೊಬಸ್ಟ. ಕುಯ್ಲು ಶುರುವಾಗುವುದು ಸಂಕ್ರಾಂತಿ ಹೊತ್ತಿಗೆ. ನಮ್ಮ ಅರೇಬಿಕ ಗಿಡದಲ್ಲಿ ಕೆಂಪಾಗಿ ಉದುರುವ ಸಮಯಕ್ಕೆ ಅವರು ಬೇಲಿಗೂಟಕ್ಕೆ ಮೊಣಕೈ ಊರಿ ಎಲೆ ಅಡಿಕೆ ಹಾಕಿಕೊಂಡು ಪಕ್ಕದವರ ಅವಸ್ಥೆ ನೋಡುವಷ್ಟು ಪುರುಸೊತ್ತಿನಲ್ಲಿರುತ್ತಾರೆ. ನಾನು ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತಿಯಾಗಿ ಅಪ್ಪನ ತೋಟಕ್ಕೆ ಬಂದವನು. ಆದ್ದರಿಂದ ಅವರ ಪಾಲಿಗೆ ನೋಡಲು ಯೋಗ್ಯವಾದ ಆಸಾಮಿ.

‘ಆಳಿಲ್ಲ ಗೌಡ್ರೆ’ ಎಂದೆ, ಎಲ್ಲರ ಹಾಗೆ.

‘ಆಳು ತಗಂಡು ಏನ್ ಮಾಡ್ತೀರಿ ಮೇಷ್ಟ್ರೆ? ನಿಮ್ಮ ಕಣದಲ್ಲಿ ಇರುವೆ ನಡಿಯೋಕೂ ಜಾಗ ಇಲ್ಲ.’

ಹರಟೆ ಶುರುವಾದದ್ದು ಇಲ್ಲಿಂದ. ಯಾಕೆಂದರೆ ಅವರು ಆಡಿದ್ದು ತಮಾಷೆಯ ಮಾತಾದರೂ, ಅದರೊಳಗಿದ್ದ ಲೆಕ್ಕವನ್ನು ನಾನು ವರ್ಷಗಟ್ಟಲೆ ಕಪ್ಪು ಹಲಗೆಯ ಮೇಲೆ ಎಕ್ಸ್, ವೈ ಎಂದು ಬರೆದು ಹುಡುಗರನ್ನು ಆಕಳಿಸುವಂತೆ ಮಾಡಿದ್ದೆ. ಜೇಬಿನಲ್ಲಿ ಗೊಬ್ಬರದಂಗಡಿಯ ಬಿಲ್ಲಿತ್ತು. ಅದರ ಹಿಂಬದಿ ಬಿಡಿಸಿ ಬೇಲಿಗೂಟದ ಮೇಲಿಟ್ಟೆ.

ಲೆಕ್ಕ ಸಲೀಸಾಗಲಿ ಅಂತ ಗುಂಡು ಗುಂಡಾದ ಅಂಕಿಗಳನ್ನೇ ಹಿಡಿದೆವು. ಕಣದಲ್ಲಿ 100 ಚೌಕ ಇದೆ ಅನ್ನಿ. ಕುಯ್ದ ಹಣ್ಣಿಗೆ ಎರಡು ದಾರಿ. ಹಾಗೇ ಹರವಿ ಒಣಗಿಸಿದರೆ ಚೆರ್ರಿ. ಒಂದು ಕ್ವಿಂಟಾಲ್ ಹಣ್ಣು ಒಂದು ಚೌಕವನ್ನು ಹದಿನೈದು ದಿನ ಹಿಡಿದು ಕೂರುತ್ತದೆ. ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿ, ತೊಟ್ಟಿಯಲ್ಲಿ ಕೊಳೆಸಿ ತೊಳೆದರೆ ಪಾರ್ಚ್‌ಮೆಂಟು. ಅದೇ ಒಂದು ಕ್ವಿಂಟಾಲಿಗೆ ಅರ್ಧ ಚೌಕ ಸಾಕು, ಎಂಟು ದಿನದಲ್ಲಿ ಕಣ ಖಾಲಿ. ಅಂದರೆ ಚೆರ್ರಿ ತಿನ್ನುವುದು ಹದಿನೈದು ಚೌಕದಿನ, ಪಾರ್ಚ್‌ಮೆಂಟು ತಿನ್ನುವುದು ನಾಲ್ಕೇ. ಹಾಗಾದರೆ ಎಲ್ಲವನ್ನೂ ಪಲ್ಪ್ ಮಾಡಬಾರದೇ? ಮಾಡಬಹುದಿತ್ತು, ನೀರಿದ್ದರೆ. ಹಳ್ಳ ಡಿಸೆಂಬರಿನಲ್ಲಿ ಆಗಲೇ ಬಡವಾಗಿರುತ್ತದೆ. ಪಲ್ಪಿಂಗಿನ ಕೊಳೆನೀರನ್ನು ಹಳ್ಳಕ್ಕೆ ಬಿಡುವ ಹಾಗೂ ಇಲ್ಲ, ಗುಂಡಿ ತೆಗೆದು ಅಲ್ಲೇ ಇಂಗಿಸಬೇಕು. ಹೇಮಾವತಿ ಹುಟ್ಟುವ ಜಾವಳಿ ಇಲ್ಲೇ ಪಕ್ಕದಲ್ಲಿದೆ. ನಮ್ಮ ಕೊಳೆ ಹಾಸನದವರ ಕೊಡಕ್ಕೆ ಹೋಗಬಾರದಲ್ಲ. ಆದ್ದರಿಂದ ದಿನಕ್ಕೆ ಹತ್ತು ಕ್ವಿಂಟಾಲ್ ಹಣ್ಣಿಗಿಂತ ಹೆಚ್ಚು ಪಲ್ಪರಿಗೆ ಹಾಕುವಂತಿಲ್ಲ ಎಂದಿಟ್ಟುಕೊಂಡೆವು.

ಈಗ ನೋಡಿ. ಹತ್ತು ಕ್ವಿಂಟಾಲಿನ ಪಾರ್ಚ್‌ಮೆಂಟಿಗೆ 40 ಚೌಕ ಹೋಯಿತು. ಉಳಿದ 60 ಚೌಕದಲ್ಲಿ, ಒಂದೊಂದೂ ಹದಿನೈದು ದಿನಕ್ಕೊಮ್ಮೆ ಖಾಲಿಯಾಗುವುದರಿಂದ, ದಿನಕ್ಕೆ ನಾಲ್ಕು ಕ್ವಿಂಟಾಲ್ ಚೆರ್ರಿ ಹಾಕಬಹುದು. ಒಟ್ಟು 14 ಕ್ವಿಂಟಾಲ್. ಒಬ್ಬರು ದಿನಕ್ಕೆ 70 ಕೆಜಿ ಕುಯ್ದರೆ ಬೇಕಾದ ಆಳು ಇಪ್ಪತ್ತು. ಇಪ್ಪತ್ತೊಂದನೆಯವನು ಕುಯ್ದದ್ದನ್ನು ಹಾಕಲು ನೆಲವಿಲ್ಲ. ಅವನು ಕುಯ್ಲಿನಲ್ಲಿ ಎಷ್ಟೇ ಚುರುಕಿರಲಿ, ಈ ತೋಟಕ್ಕೆ ಅವನಿಂದ ಹೆಚ್ಚುವ ಲಾಭ ಸೊನ್ನೆ. ಅದೇ ಹೊತ್ತಿಗೆ ಒಂದೇ ಒಂದು ಚೌಕ ಕಣ ಹೆಚ್ಚಾದರೆ ದಿನಕ್ಕೆ ಆರೂವರೆ ಕೆಜಿಗಿಂತ ಸ್ವಲ್ಪ ಹೆಚ್ಚು ಹಣ್ಣು ಒಣಗುತ್ತದೆ. ಒಂದು ಕ್ವಿಂಟಾಲ್ ಹೆಚ್ಚಿಗೆ ಪಲ್ಪ್ ಮಾಡಲು ನೀರು ಸಿಕ್ಕಿದರೆ ಅದಕ್ಕಾಗಿ ಸ್ವಲ್ಪ ಚೆರ್ರಿ ಬಿಟ್ಟುಕೊಟ್ಟರೂ ನಿವ್ವಳ 73 ಕೆಜಿ ಏರುತ್ತದೆ. ಹೀಗೆ ಒಂದೊಂದು ಕೊರತೆಯ ತಲೆಗೂ ಕಟ್ಟುವ ಈ ಬೆಲೆಗೆ ಛಾಯಾ ಬೆಲೆ ಅನ್ನುತ್ತಾರೆ. ಯಾವುದು ಮುಗಿದುಹೋಗಿದೆಯೋ ಅದಕ್ಕೆ ಬೆಲೆ, ಯಾವುದು ಮಿಕ್ಕಿದೆಯೋ ಅದಕ್ಕೆ ಸೊನ್ನೆ. ನಾವು ಹೋಟೆಲಿನಲ್ಲಿ ಕೂತು ಎಷ್ಟು ಜೋರಾಗಿ ಕೂಗುತ್ತೇವೆ ಅನ್ನುವುದಕ್ಕೂ ಈ ಬೆಲೆಗೂ ಸಂಬಂಧ ಇಲ್ಲ.

ಗೌಡರು ಬಿಲ್ಲನ್ನು ತಿರುಗಿಸಿ ಮೊದಲು ಗೊಬ್ಬರದ ರೇಟು ನೋಡಿದರು. ಆಮೇಲೆ ಲೆಕ್ಕ ನೋಡಿದರು. ‘ಮೋಡ ಎಲ್ಲಿ ಬರ್ದಿದ್ದೀರಿ?’

ಬರೆದಿರಲಿಲ್ಲ, ಬರೆದೆವು. ಬಂಗಾಳ ಕೊಲ್ಲಿಯಲ್ಲಿ ಎಲ್ಲೋ ವಾಯುಭಾರ ಕುಸಿದರೆ ಇಲ್ಲಿ ನಾಲ್ಕು ದಿನ ಸೂರ್ಯ ಕಾಣುವುದಿಲ್ಲ. ಚೆರ್ರಿಗೆ ಹದಿನೈದರ ಬದಲು ಇಪ್ಪತ್ತು ದಿನ, ಪಾರ್ಚ್‌ಮೆಂಟಿಗೆ ಎಂಟರ ಬದಲು ಹನ್ನೊಂದು ಎಂದು ಹಿಡಿದರೆ, 55 ಚೌಕ ಪಾರ್ಚ್‌ಮೆಂಟಿಗೇ ಹೋಗಿ ಉಳಿದ 45ರಲ್ಲಿ ದಿನಕ್ಕೆ ಎರಡೂಕಾಲು ಕ್ವಿಂಟಾಲ್ ಚೆರ್ರಿ. ಒಟ್ಟು ಹನ್ನೆರಡೂಕಾಲು. ಹದಿನೆಂಟು ಆಳಿಗೇ ಕೆಲಸ ಮುಗಿಯಿತು. ಅಂದರೆ ಒಂದು ಮೋಡ ಇಬ್ಬರು ಆಳನ್ನು ಮನೆಗೆ ಕಳಿಸುತ್ತದೆ.

‘ಕಳಿಸಿ ನೋಡಿ’ ಅಂದರು ಗೌಡರು. ‘ನಾಳೆ ಬಿಸಿಲು ಬಂದಾಗ ಅವರು ಬಾಳೂರು ಕಡೆ ಯಾರ ತೋಟದಲ್ಲೋ ಇರ್ತಾರೆ.’

ಇದು ನಿಜವಾದ ಪೆಟ್ಟು. ಕಾಗದದ ಮೇಲೆ ಆಳನ್ನು ಇವತ್ತು ಇಳಿಸಿ ನಾಳೆ ಏರಿಸಬಹುದು, ಲೈನಿನಲ್ಲಿ ಆಗುವುದಿಲ್ಲ. ಕುಯ್ಲು ಮುಗಿಯುವವರೆಗೆ ಉಳಿಸಿಕೊಳ್ಳಬೇಕೆಂದರೆ ಮೋಡದ ದಿನವೂ ಕೂಲಿ ಕೊಟ್ಟು ಕಣ ಕೆದರಿಸುವುದೋ, ಟಾರ್ಪಾಲು ಹೊದೆಸುವುದೋ, ಸೌದೆ ಒಡೆಸುವುದೋ ಏನಾದರೂ ಮಾಡಿಸುತ್ತಿರಬೇಕು. ಇದನ್ನೂ ಲೆಕ್ಕಕ್ಕೆ ಸೇರಿಸಬಹುದು. ವಾರಕ್ಕೊಂದು ಸಾಲು ಬರೆದು, ಇಟ್ಟುಕೊಳ್ಳುವ ಖರ್ಚು ಒಂದು ಕಡೆ, ಬಿಟ್ಟು ಮತ್ತೆ ಹುಡುಕುವ ಖರ್ಚು ಇನ್ನೊಂದು ಕಡೆ ಇಟ್ಟರಾಯಿತು. ಕಾರ್ಖಾನೆಗಳಲ್ಲಿ ಇಂಥ ಯೋಜನೆ ಮಾಡುವ ವಿಧಾನಗಳು 1950ರ ದಶಕದಿಂದಲೇ ಇವೆ. ಆದರೆ ಬರೆಯಬೇಕು ಎಂದು ಹೊಳೆಯುವುದು ಬೇಲಿಯಾಚೆ ಒಬ್ಬ ಗೌಡರಿದ್ದರೆ ಮಾತ್ರ.

ಕೊರತೆಗೆ ಬೆಲೆ ಕಟ್ಟುವ ಈ ವಿದ್ಯೆ ಹುಟ್ಟಿದ್ದೂ ಇಂಥದೇ ಒಂದು ಮರಮಟ್ಟಿನ ಜಗಳದಲ್ಲಿ. ಲೆನಿನ್‌ಗ್ರಾಡಿನ ಪ್ಲೈವುಡ್ ಟ್ರಸ್ಟಿನವರು 1930ರ ದಶಕದ ಕೊನೆಗೆ ಲಿಯೊನಿದ್ ಕಾಂತೊರೊವಿಚ್ ಎಂಬ ಇಪ್ಪತ್ತಾರರ ಪ್ರಾಯದ ಗಣಿತದ ಪ್ರೊಫೆಸರನ ಹತ್ತಿರ ಹೋಗಿ, ನಮ್ಮಲ್ಲಿ ಬೇರೆ ಬೇರೆ ಯಂತ್ರಗಳಿವೆ, ಬೇರೆ ಬೇರೆ ಜಾತಿಯ ಮರಗಳಿವೆ, ಯಾವ ಯಂತ್ರಕ್ಕೆ ಯಾವ ಮರ ಕೊಟ್ಟರೆ ಹೆಚ್ಚು ಕೆಲಸವಾಗುತ್ತದೆ ಹೇಳಿ ಎಂದರು. ಆತ 1939ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದು ಉತ್ತರ ಕೊಟ್ಟ. ಯುದ್ಧದ ನಡುವೆ, 1942ರಲ್ಲಿ, ಇಡೀ ದೇಶದ ಯೋಜನೆಗೇ ಇದನ್ನು ಹಚ್ಚಬಹುದೆಂದು ಇನ್ನೊಂದು ಬರೆದ. ಅದು ಅಚ್ಚಾದದ್ದು 1959ರಲ್ಲಿ. ಕೊರತೆಗೆ ಬೆಲೆ ಕಟ್ಟುತ್ತೇನೆ ಎನ್ನುವ ಮನುಷ್ಯನನ್ನು ಸ್ಟಾಲಿನ್ ಕಾಲದ ಯೋಜನಾ ಕಚೇರಿ ಮೆಚ್ಚುವುದು ಹೇಗೆ?

ಆತನದೇ ಇನ್ನೊಂದು ಕಥೆ ಗೌಡರಿಗೆ ಬಹಳ ಹಿಡಿಸಿತು. ಲೆನಿನ್‌ಗ್ರಾಡಿನ ರೈಲುಬೋಗಿ ಕಾರ್ಖಾನೆಯಲ್ಲಿ ಉಕ್ಕಿನ ಹಾಳೆ ಕತ್ತರಿಸುವುದಕ್ಕೆ ಕಾಂತೊರೊವಿಚ್ ಲೆಕ್ಕ ಹಾಕಿಕೊಟ್ಟ. ಚೂರುಪಾರು ಹಾಳಾಗುವುದು ಎಷ್ಟೋ ಕಡಿಮೆಯಾಯಿತು. ಆದರೆ ಕಾರ್ಖಾನೆಗೆ ಉಕ್ಕಿನ ಕುಲುಮೆಗಳಿಗೆ ಇಂತಿಷ್ಟು ಗುಜರಿ ಕೊಡಬೇಕೆಂಬ ಗುರಿಯೂ ಇತ್ತು. ಹಾಳಾಗುವುದು ನಿಂತ ಮೇಲೆ ಗುಜರಿ ಎಲ್ಲಿಂದ ಬರಬೇಕು? ಗುರಿ ತಪ್ಪಿತು, ಪ್ರೊಫೆಸರನಿಗೆ ಪಾರ್ಟಿ ಕಚೇರಿಯಿಂದ ಕರೆ ಬಂತು.

ಗೌಡರು ನಗುತ್ತ ತಮ್ಮ ಪೂಲಿನ ಕಾಲಕ್ಕೆ ಹೋದರು. ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಕಾಫಿ ಮಂಡಳಿಯೇ ಮಾರುವ ಏರ್ಪಾಡು ಯುದ್ಧಕಾಲದಲ್ಲಿ ಶುರುವಾಗಿ, 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು, 1996ಕ್ಕೆ ಮುಗಿಯಿತು. ಮನೆ ಖರ್ಚಿನದು ಬಿಟ್ಟು ಮಿಕ್ಕಿದ್ದನ್ನೆಲ್ಲ ಪೂಲಿಗೆ ಹಾಕಬೇಕಿತ್ತು, ದರ್ಜೆ ನೋಡಿ ಪಾಯಿಂಟು ಬೀಳುತ್ತಿತ್ತು, ಪಾಯಿಂಟಿಗಿಷ್ಟು ಎಂದು ದುಡ್ಡು ಕಂತುಕಂತಾಗಿ ಬರುತ್ತಿತ್ತು. ‘ಆವಾಗ ನಾವು ಮಳೆ ಒಂದಕ್ಕೇ ಹೆದ್ರಿದ್ದು. ಈಗ ಲಂಡನ್ನಿಗೂ ಹೆದ್ರಬೇಕು’ ಎಂದರು. ಅವರ ರೊಬಸ್ಟದ ದರ ಲಂಡನ್ನಿನಲ್ಲಿ ಏಳುತ್ತದೆ, ನಮ್ಮ ಅರೇಬಿಕದ್ದು ನ್ಯೂಯಾರ್ಕಿನಲ್ಲಿ. ಇಬ್ಬರ ಬೆಳಗೂ ಮೊಬೈಲಿನಲ್ಲೇ ಆಗುತ್ತದೆ. ಯಾವುದು ಚೆನ್ನಾಗಿತ್ತು ಅಂತ ಕೇಳಿದರೆ ಗೌಡರು ಆ ವರ್ಷದ ದರ ನೋಡಿ ಉತ್ತರ ಕೊಡುತ್ತಾರೆ. ನನಗೂ ಅದೇ ಪ್ರಾಮಾಣಿಕ ಉತ್ತರ ಅನಿಸುತ್ತದೆ.

ಕಾಂತೊರೊವಿಚ್ ಕಂಡದ್ದನ್ನೇ ಅಮೆರಿಕದ ಕಡೆ ಬೇರೆಯಾಗಿ ಕಂಡುಕೊಂಡವನು ಜಾರ್ಜ್ ಡಾಂಟ್ಜಿಗ್, ವಾಯುಪಡೆಯ ಲೆಕ್ಕ ನೋಡುತ್ತಿದ್ದವನು. 1947ರ ಅವನ ಸಿಂಪ್ಲೆಕ್ಸ್ ವಿಧಾನವನ್ನು ನಾನು ಗೌಡರಿಗೆ ಹೇಳಿದ್ದು ಹೀಗೆ: ಒಂದೊಂದು ಕೊರತೆಯೂ ಒಂದೊಂದು ಬೇಲಿ, ಎಲ್ಲ ಸೇರಿ ಒಂದು ತೋಟ. ಅತಿ ಎತ್ತರದ ಜಾಗ ಯಾವುದಾದರೂ ಮೂಲೆಯಲ್ಲೇ ಇರುತ್ತದೆ. ಆದ್ದರಿಂದ ನಡುವೆ ಅಲೆಯದೆ ಬೇಲಿಗುಂಟ ಮೂಲೆಯಿಂದ ಮೂಲೆಗೆ ಏರುತ್ತ ಹೋಗು, ಇನ್ನು ಏರಲು ದಾರಿಯಿಲ್ಲದ ಮೂಲೆ ಬಂದರೆ ಅದೇ ಉತ್ತರ. 1984ರಲ್ಲಿ ನಮ್ಮ ನರೇಂದ್ರ ಕರ್ಮಾರ್ಕರ್ ಬೆಲ್ ಲ್ಯಾಬ್ಸಿನಲ್ಲಿ ಕೂತು, ಬೇಲಿ ಹಿಡಿಯಬೇಡ, ತೋಟದ ನಡುವಿನಿಂದಲೇ ಹೊಡೆದುಕೊಂಡು ಹೋಗು ಎಂದು ತೋರಿಸಿದರು. ಆ ಕಂಪನಿ 1988ರಲ್ಲಿ ಅದಕ್ಕೆ ಪೇಟೆಂಟನ್ನೂ ಪಡೆಯಿತು.

‘ತೋಟದ ಮಧ್ಯೆ ನಡಿಯೋಕೂ ಪೇಟೆಂಟಾ!’ ಗೌಡರಿಗೆ ಅದಾವುದೋ ಹಳೆಯ ಕಾಲುದಾರಿ ವ್ಯಾಜ್ಯ ನೆನಪಾಗಿ ಸ್ವಲ್ಪ ಹೊತ್ತು ಅದೇ ನಡೆಯಿತು. ಅದನ್ನಿಲ್ಲಿ ಬರೆಯುವುದಿಲ್ಲ.

1948ರಲ್ಲಿ ವಿಸ್ಕಾನ್ಸಿನ್ನಿನ ಸಭೆಯೊಂದರಲ್ಲಿ ಡಾಂಟ್ಜಿಗ್ ತನ್ನ ವಿಧಾನ ವಿವರಿಸಿದಾಗ ಹೆರಾಲ್ಡ್ ಹೊಟೆಲಿಂಗ್ ಎಂಬ ದೊಡ್ಡ ವಿದ್ವಾಂಸ, ಆಳೂ ದೊಡ್ಡದೇ ಅಂತೆ, ಎದ್ದು ನಿಂತು, ಜಗತ್ತು ಸರಳರೇಖೆಯಲ್ಲಿ ನಡೆಯುವುದಿಲ್ಲವಲ್ಲ ಎಂದು ಒಂದೇ ಮಾತು ಹೇಳಿ ಕೂತುಬಿಟ್ಟ. ಆಗಿನ್ನೂ ಹೊಸಬನಾದ ಡಾಂಟ್ಜಿಗ್ ತಡವರಿಸುತ್ತಿರುವಾಗ ಗಣಿತಜ್ಞ ಫಾನ್ ನಾಯ್ಮನ್ ಎದ್ದು, ಇವರು ಷರತ್ತುಗಳನ್ನು ಹೇಳಿಯೇ ಇದ್ದಾರೆ, ನಿಮ್ಮ ಸಮಸ್ಯೆ ಅದಕ್ಕೆ ಒಪ್ಪಿದರೆ ಬಳಸಿ, ಇಲ್ಲವಾದರೆ ಬಿಡಿ ಎಂದು ಕಾಪಾಡಿದನಂತೆ. ಬಣಕಲ್ಲಿನಲ್ಲಿ ನಿಂತವರು ಹೊಟೆಲಿಂಗ್ ಪಕ್ಷಕ್ಕೇ ವೋಟು ಹಾಕುತ್ತಾರೆ. ಇಲ್ಲಿ ನೇರವಾದ ಒಂದು ರಸ್ತೆಯನ್ನೂ ನಾನು ಕಂಡಿಲ್ಲ. ಆದರೂ ಫಾನ್ ನಾಯ್ಮನ್ ಮಾತೇ ಸರಿ ಎಂದು ನನ್ನ ಅಭಿಪ್ರಾಯ. ಕಣದ ಚೌಕ ಕೂಡಿಸಲು ಸರಳ ಗಣಿತ ಸಾಕು.

ಅಷ್ಟರಲ್ಲಿ ಗೌಡರ ಹೆಂಡತಿ, ನಮಗೆಲ್ಲ ಅಕ್ಕ, ಮೊರದಲ್ಲಿ ಕಾಳುಮೆಣಸು ಹಿಡಿದು ಬಂದರು. ಅಕ್ಕನಿಗೆ ಊಟದ ಲೆಕ್ಕ ಹೇಳಿದೆ. ಜಾರ್ಜ್ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞ 1945ರಲ್ಲಿ 77 ಆಹಾರಪದಾರ್ಥ, ಒಂಬತ್ತು ಪೋಷಕಾಂಶ ಇಟ್ಟುಕೊಂಡು, ಒಬ್ಬ ಮನುಷ್ಯ ಅತಿ ಕಡಿಮೆ ಖರ್ಚಿನಲ್ಲಿ ಬದುಕಬೇಕಾದರೆ ಏನು ತಿನ್ನಬೇಕು ಎಂದು ಅಂದಾಜು ಮಾಡಿದ. ವರ್ಷಕ್ಕೆ 39 ಡಾಲರು 93 ಸೆಂಟು ಬಂತು. ಗೋಧಿಹಿಟ್ಟು, ಡಬ್ಬಿ ಹಾಲು, ಎಲೆಕೋಸು, ಪಾಲಕ್, ಒಣ ಬೀನ್ಸ್ ಕಾಳು, ಅಷ್ಟೇ. 1947ರಲ್ಲಿ ಸಿಂಪ್ಲೆಕ್ಸ್ ವಿಧಾನವನ್ನು ಪರೀಕ್ಷಿಸಲು ಇದನ್ನೇ ಎತ್ತಿಕೊಂಡು, ಮೇಜಿನ ಮೇಲಿನ ಕೈಯಂತ್ರಗಳಲ್ಲಿ ಸುಮಾರು 120 ಆಳುದಿನ ತಿರುಗಿಸಿ, ಕರಾರುವಾಕ್ಕಾದ ಉತ್ತರ ತೆಗೆದರು: 39 ಡಾಲರು 69 ಸೆಂಟು. ಸ್ಟಿಗ್ಲರನ ಅಂದಾಜು ತಪ್ಪಿದ್ದು ಇಪ್ಪತ್ನಾಲ್ಕು ಸೆಂಟಿನಷ್ಟು.

‘ನೂರಿಪ್ಪತ್ತು ಆಳಿನ ಕೂಲಿ ಎಷ್ಟಾಯ್ತು?’ ಎಂದರು ಅಕ್ಕ. ‘ಅಲ್ದೆ, ವರ್ಷಪೂರ್ತಿ ಕೋಸು ತಿಂದು ಯಾರು ಕುಯ್ಲಿಗೆ ಬರ್ತಾರೆ? ಸೋಮವಾರ ಆ ಊಟ ಹಾಕಿದ್ರೆ ಮಂಗಳವಾರ ಲೈನ್ ಖಾಲಿ.’

ಡಾಂಟ್ಜಿಗ್ ಇದನ್ನು ಸ್ವಂತ ಹೊಟ್ಟೆಯ ಮೇಲೇ ಪ್ರಯೋಗ ಮಾಡಿದ. 1950ರ ದಶಕದ ಮೊದಲಲ್ಲಿ ವೈದ್ಯರು ತೂಕ ಇಳಿಸು ಎಂದಾಗ, ಹೊಟ್ಟೆ ತುಂಬಿದಂತೆಯೂ ಅನಿಸಬೇಕು, ತೂಕವೂ ಇಳಿಯಬೇಕು ಎಂದು ಲೆಕ್ಕ ಕಟ್ಟಿ ಕಂಪ್ಯೂಟರಿಗೆ ಹಾಕಿದ. ನೀರಿನ ತೂಕ ಕಳೆದು ಉಳಿದ ತೂಕವೇ ಹೊಟ್ಟೆ ತುಂಬಿಸುತ್ತದೆ ಎಂಬುದು ಅವನ ಸೂತ್ರ. ಕಂಪ್ಯೂಟರು ಹೇಳಿತು: ದಿನಕ್ಕೆ 500 ಗ್ಯಾಲನ್ ವಿನೆಗರ್ ಕುಡಿ. ಹತ್ತಿರ ಹತ್ತಿರ 1900 ಲೀಟರು! ಪಟ್ಟಿಯಲ್ಲಿ ವಿನೆಗರಿನ ಎದುರು ನೀರು ಸೊನ್ನೆ ಎಂದು ಬಿದ್ದಿತ್ತು. ವಿನೆಗರ್ ಹೊಡೆದು ಹಾಕಿ ಮತ್ತೆ ಓಡಿಸಿದ. ಈ ಸಲ ದಿನಕ್ಕೆ 200 ಸಾರಿನ ಗಟ್ಟಿ, ಬಿಸಿನೀರಿಗೆ ಹಾಕಿ ಕದಡುವಂಥವು. ಉಪ್ಪಿಗೆ ಮೇಲ್ಮಿತಿ ಹಾಕಿರಲಿಲ್ಲ. ಕೆಲವನ್ನು ಕದಡಿ ಬಾಯಿಗಿಟ್ಟು ಉಗುಳಿದ. ಅದಕ್ಕೂ ಮಿತಿ ಹಾಕಿದ ಮೇಲೆ ಹೊಟ್ಟು, ಹೊಟ್ಟಿಗೆ ಮಿತಿ ಹಾಕಿದ ಮೇಲೆ ಕಾಕಂಬಿ. ಕೊನೆಗೆ ಅವನ ಹೆಂಡತಿ ಆ್ಯನ್ ಕಂಪ್ಯೂಟರನ್ನು ಬದಿಗಿಟ್ಟು ತಾನೇ ಪಥ್ಯ ಮಾಡಿ ಹಾಕಿ ಗಂಡನ ತೂಕ ಇಳಿಸಿದಳು.

ಅಕ್ಕ ಗೌಡರ ಹೊಟ್ಟೆಯನ್ನೊಮ್ಮೆ ನೋಡಿ ಒಳಗೆ ಹೋದರು.

ನಾನು ಈ ಕಥೆಯನ್ನು ಕಂಪ್ಯೂಟರಿನ ದಡ್ಡತನ ತೋರಿಸಲು ಹೇಳುವುದಿಲ್ಲ. ಅದು ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿತ್ತು. ನಮ್ಮ ಬಾಯಲ್ಲಿ ಹೇಳದೆ ಉಳಿದ ಷರತ್ತುಗಳು ಎಷ್ಟಿರುತ್ತವೆ ಎಂಬುದು ಇಂಥ ಉತ್ತರ ಬಂದಾಗಲೇ ಗೊತ್ತಾಗುವುದು. ಗೌಡರ ಮೋಡ, ಅಕ್ಕನ ಲೈನು ಎರಡೂ ಅಂಥವೇ.

ಇನ್ನು ಕೆಲವು ಸಲ ಲೆಕ್ಕವೇ ಬೇಕಿಲ್ಲ. 1960ರಲ್ಲಿ ಚೀನಾದ ಗುವಾನ್ ಮೇಗು ಅಂಚೆಯವನ ಬಗ್ಗೆ ಒಂದು ಪ್ರಶ್ನೆ ಬಿಡಿಸಿದರು: ತನ್ನ ಪಾಲಿನ ಎಲ್ಲ ಬೀದಿಗಳನ್ನೂ ಒಮ್ಮೆಯಾದರೂ ತುಳಿದು ಕಚೇರಿಗೆ ಮರಳಬೇಕು, ನಡಿಗೆ ಅತಿ ಕಡಿಮೆಯಾಗಬೇಕು. ಪೇಟೆಗೆ ಇದು ಬಹಳ ಚೆಂದದ ಗಣಿತ. ನಮ್ಮಲ್ಲಿ? ಬಣಕಲ್ಲಿನ ಡಾಂಬರು ರಸ್ತೆಯಿಂದ ಒಡೆಯುವ ಪ್ರತಿ ದಾರಿಯೂ ಯಾರದೋ ಗೇಟಿನಲ್ಲಿ ಮುಗಿಯುತ್ತದೆ. ಹೋದವನು ಹೋದ ದಾರಿಯಲ್ಲೇ ಬರಬೇಕು. ಎಷ್ಟೇ ಬುದ್ಧಿ ಓಡಿಸಿದರೂ ಎಲ್ಲ ದಾರಿಯನ್ನೂ ಎರಡೆರಡು ಸಲ ತುಳಿಯದೆ ಗತಿಯಿಲ್ಲ, ಗುವಾನ್ ಅವರು ಬಂದರೂ ಒಂದು ಹೆಜ್ಜೆ ಉಳಿಸಲಾರರು. ಹಳ್ಳಕ್ಕೊಂದು ಕಾಲುಸಂಕ ಬಿದ್ದು ಎರಡು ಗೇಟುಗಳು ಹಿಂಬದಿಯಿಂದ ಕೂಡಿಕೊಂಡರೆ ಮಾತ್ರ ಉಳಿತಾಯ. ಹಾಗಾಗಿ ಹಳ್ಳಿಯ ಅಂಚೆಯವರು ತಮ್ಮದೇ ವಿಧಾನ ಕಂಡುಕೊಂಡಿದ್ದಾರೆ: ಕಾಗದವನ್ನು ಪೇಟೆಯ ಅಂಗಡಿಯಲ್ಲಿ ಕೊಟ್ಟುಬಿಡುವುದು. ದಾರಿಗಳದ್ದು ಇನ್ನೊಂದು ಮಾತೂ ಇದೆ. ಒಂದು ಊರಿನಿಂದ ಇನ್ನೊಂದಕ್ಕೆ ಎಷ್ಟು ಸಾಮಾನು ಸಾಗಿಸಬಹುದು ಎಂಬುದನ್ನು ನಡುವಿನ ಅತಿ ಇಕ್ಕಟ್ಟಾದ ಜಾಗವೇ ತೀರ್ಮಾನಿಸುತ್ತದೆ ಎಂದು ಫೋರ್ಡ್ ಮತ್ತು ಫುಲ್ಕರ್ಸನ್ 1956ರಲ್ಲಿ ಸಾಧಿಸಿದರು. 2019ರ ಆಗಸ್ಟಿನಲ್ಲಿ ಗುಡ್ಡ ಜಾರಿ ಚಾರ್ಮಾಡಿ ಘಾಟಿ ಬಂದಾದಾಗ ಅದಕ್ಕೆ ಸಾಧನೆ ಬೇಕಾಗಲಿಲ್ಲ.

ಬಿಲ್ಲಿನಲ್ಲಿ ಇನ್ನೂ ಒಂದಿಷ್ಟು ಜಾಗ ಉಳಿದಿತ್ತು. ಆಗ ನನ್ನ ಕಣ್ಣು ಗೌಡರ ಹಿಂದೆ ಹೋಯಿತು. ಅವರ ಕಣ, ಸಿಮೆಂಟಿನದು, ನಮ್ಮದಕ್ಕಿಂತ ದೊಡ್ಡದು, ಗುಡಿಸಿ ಇಟ್ಟಿದ್ದಾರೆ, ನಾಯಿ ಮಲಗಿದೆ. ರೊಬಸ್ಟ ಬರುವುದು ಜನವರಿಗೆ. ಅಲ್ಲಿಯವರೆಗೆ ಆ ಕಣದ ಛಾಯಾ ಬೆಲೆ ಬೇಲಿಯ ಆ ಕಡೆ ಸೊನ್ನೆ, ಈ ಕಡೆ ಚೌಕಕ್ಕೆ ದಿನಕ್ಕೆ ಆರೂವರೆ ಕೆಜಿ ಹಣ್ಣು. ಫೆಬ್ರುವರಿಯಲ್ಲಿ ನಮ್ಮದು ಖಾಲಿ, ಅವರದು ತುಂಬಿ ತುಳುಕುತ್ತಿರುತ್ತದೆ. ಎರಡು ತೋಟದ ಲೆಕ್ಕ ಒಂದೇ ಕಾಗದದಲ್ಲಿ ಬರೆದರೆ ಬರುವ ಉತ್ತರ ಬೇರೆ ಬೇರೆ ಬರೆದದ್ದಕ್ಕಿಂತ ಕಡಿಮೆಯಾಗುವುದು ಸಾಧ್ಯವೇ ಇಲ್ಲ. ಇದನ್ನು ಗೌಡರಿಗೆ ಬಿಡಿಸಿ ಹೇಳಿದೆ.

‘ಅಂದ್ರೆ ಬಾಡಿಗೆಗೆ ಕೇಳ್ತಿದ್ದೀರಿ.’

‘ಹಾಗೇ ಅನ್ನಿ. ಆರೂವರೆ ಕೆಜಿ ಹಣ್ಣಿನ ಬೆಲೆಯಲ್ಲಿ ಕುಯ್ಲಿನ ಕೂಲಿ, ಕೆದರೋ ಕೂಲಿ ಕಳೆದು ಉಳಿದದ್ದು. ಅದಕ್ಕಿಂತ ಒಂದು ಪೈಸೆ ಹೆಚ್ಚು ಕೊಟ್ಟರೂ ನನಗೆ ನಷ್ಟ.’

‘ಮೋಡ ಬಂದ್ರೆ ಬಾಡಿಗೆ ಜಾಸ್ತಿ.’

‘ಕಮ್ಮಿ ಗೌಡ್ರೆ. ಮೋಡ ಇದ್ದಾಗ ಚೌಕಕ್ಕೆ ದಿನಕ್ಕೆ ಐದೇ ಕೆಜಿ ಒಣಗೋದು. ಅಷ್ಟಕ್ಕೂ ಇವತ್ತು ಕುಯ್ಯದ ಹಣ್ಣು ನಾಳೆಗೂ ಗಿಡದಲ್ಲೇ ಇರುತ್ತಲ್ಲ.’

‘ಮೋಡದ ಹಿಂದೆ ಮಳೆ ಬಂದ್ರೆ ಗಿಡದಲ್ಲಿರುತ್ತಾ? ಹಣ್ಣು ಬಿರಿದು ನೆಲಕ್ಕೆ ಬೀಳುತ್ತೆ, ಬಿದ್ದದ್ದನ್ನ ಹೆಕ್ಕದೆ ಬಿಟ್ರೆ ಬರೋ ವರ್ಷಕ್ಕೆ ಕಾಯಿಕೊರಕ. ಅದಕ್ಕೆ ನಿಮ್ಮ ಕಾಗದದಲ್ಲಿ ಎಷ್ಟು ಹಾಕಿದ್ದೀರಿ?’

ಹಾಕಿರಲಿಲ್ಲ. ಗೌಡರು ಎಲೆ ಅಡಿಕೆ ಉಗುಳಿ, ಪೆನ್ನು ತಾವೇ ಇಸಿದುಕೊಂಡು ಗೊಬ್ಬರದ ರೇಟಿನ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರು: ಜನವರಿ ಹತ್ತಕ್ಕೆ ಕಣ ಖಾಲಿ ಮಾಡಿಕೊಡತಕ್ಕದ್ದು, ಗುಡಿಸಿ ಕೊಡತಕ್ಕದ್ದು, ಫೆಬ್ರುವರಿಯಲ್ಲಿ ಮೇಷ್ಟರ ಕಣಕ್ಕೆ ಬಾಡಿಗೆ ಇಲ್ಲ.